ತೆಂಗಿನ ಮರದ ಉಪ್ಪು ಮತ್ತು ನನ್ನ ತಮ್ಮನ ಗಂಟಲು

ನನ್ನ ತಮ್ಮನ ಮೈಯಲ್ಲಿ ಈಗ ರಕ್ತಕ್ಕಿಂತ ಲೋಹವೇ ಹೆಚ್ಚು. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ, ಕೆಟ್ಟು ಕೂತಿರುವ ಪಂಪ್‌ಸೆಟ್ಟನ್ನು ಒಳಗಿಟ್ಟು ತಮ್ಮನನ್ನೇ ಹೊರಗೆ ತಂದು ತಕ್ಕಡಿಯ ಮೇಲೆ ಕೂರಿಸೋಣ ಎಂದು ನಾನು ಯೋಚಿಸಿದ್ದುಂಟು. ಮೆಗ್ನೀಸಿಯಂ ಇದೆ, ಜಿಂಕ್ ಇದೆ, ಕ್ಯಾಲ್ಸಿಯಂ ಇದೆ, ಕಬ್ಬಿಣ ಬೇಕಾದಷ್ಟಿದೆ. ಇಲ್ಲದಿರುವುದು ಒಂದೇ, ಬುದ್ಧಿ. ಅದನ್ನು ಯಾವ ಕಂಪನಿಯವರೂ ಇನ್ನೂ ಮಾತ್ರೆ ಮಾಡಿಲ್ಲವಂತೆ. ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ನಾನೇ ನಿಂತು ಕೇಳಿ ಬಂದಿದ್ದೇನೆ!

ಅವನ ಹೆಸರು ಬರೆಯುವುದಿಲ್ಲ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಯಾವುದಾದರೂ ಟೀ ಅಂಗಡಿಯ ಮುಂದೆ ಇಳಿದು, ‘ತೆಂಗಿನ ಮರಗಳ ಜೊತೆ ಜಗಳ ಆಡುತ್ತಿದ್ದ ಯಜಮಾನರ ಮನೆ ಎಲ್ಲಿ?’ ಎಂದು ಕೇಳಿ. ಲೋಟ ಕೆಳಗಿಟ್ಟು ದಾರಿ ತೋರಿಸುತ್ತಾರೆ. ವಯಸ್ಸು ಅರವತ್ತೆರಡು. ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಗಂಡ ಸತ್ತ ಮೇಲೆ ನಾನು ತವರಿಗೆ ಬಂದು ಮೂವತ್ತು ವರ್ಷವಾಯಿತು. ಮನೆಯಲ್ಲಿ ನಾನು, ಅವನು, ಅವನ ಹೆಂಡತಿ, ಒಂದು ಎಮ್ಮೆ. ನಾಲ್ವರಲ್ಲಿ ತಲೆ ನೆಟ್ಟಗಿರುವುದು ಎಮ್ಮೆಗೊಂದೇ ಎಂದು ಅವನ ಹೆಂಡತಿ ಹೇಳುತ್ತಾಳೆ. ಅವಳು ತನ್ನನ್ನೂ ಸೇರಿಸಿಯೇ ಹೇಳುತ್ತಾಳೆ, ಅದು ಅವಳ ದೊಡ್ಡ ಗುಣ.

ಈ ಲೋಹದ ಹುಚ್ಚು ಹಿಡಿದದ್ದು ನಾಟಕದಿಂದ. ನಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತಾರೆ. ಆಡುವವರೆಲ್ಲ ಊರಿನವರೇ. ಹಾಲಿನ ಡೇರಿಯ ಕಾರ್ಯದರ್ಶಿ ದೇವರಾಗುತ್ತಾನೆ, ಕಾಯಿ ಕೆಡವುವವನು ಋಷಿಯಾಗುತ್ತಾನೆ. ಹಾಡು ಕಲಿಸುವುದಕ್ಕೆ ಚಿಕ್ಕನಾಯಕನಹಳ್ಳಿ ಕಡೆಯಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಅದೇ ಕೋಣೆಯಲ್ಲಿ ಪ್ರಾಕ್ಟೀಸು. ನನ್ನ ತಮ್ಮ ನಲವತ್ತು ವರ್ಷಕ್ಕೂ ಮೇಲಿಂದ ಈ ನಾಟಕದಲ್ಲಿ ಇದ್ದಾನೆ. ಏನು ಪಾತ್ರ ಅಂದಿರಾ? ಬಾಗಿಲು ಕಾಯುವವನು! ಕೈಯಲ್ಲೊಂದು ಈಟಿ, ತಲೆಗೆ ತಗಡಿನ ಟೊಪ್ಪಿ, ಬಾಯಲ್ಲಿ ಒಂದೇ ಮಾತು, ‘ಅಪ್ಪಣೆ ಪ್ರಭು’. ಆ ಎರಡು ಪದಕ್ಕೆ ಅವನು ವರ್ಷವಿಡೀ ಅಭ್ಯಾಸ ಮಾಡುತ್ತಿದ್ದ. ಉಪ್ಪು ತೆಗೆದುಕೊಂಡು ಬಾ ಎಂದು ಹೆಂಡತಿ ಅಂಗಡಿಗೆ ಕಳಿಸಿದರೂ ‘ಅಪ್ಪಣೆ’ ಎಂದೇ ಹೋಗುತ್ತಿದ್ದ. ಬರುವಾಗ ಉಪ್ಪು ಮರೆತಿರುತ್ತಿದ್ದ, ಆ ಮಾತು ಬೇರೆ.

ಈ ಸಲ ಏನಾಯಿತೆಂದರೆ, ಗದೆ ಹಿಡಿಯುವ ರಾಜನ ಪಾತ್ರ ಮಾಡುತ್ತಿದ್ದವನಿಗೆ ಮಂಡಿ ಆಪರೇಷನ್ ಆಯಿತು. ಕೂತರೆ ಏಳಲಾರದ ರಾಜನನ್ನು ಇಟ್ಟುಕೊಂಡು ಯುದ್ಧ ಮಾಡುವುದು ಹೇಗೆ? ನನಗೆ ಕೊಡಿ ಎಂದ ನನ್ನ ತಮ್ಮನಿಗೆ ಪಾತ್ರ ಬಂತು. ಏಳು ಹಾಡು, ಮೈಲುದ್ದ ಮಾತು, ಮೂರು ಸಲ ಮೀಸೆ ತಿರುವುವುದು! ಅವತ್ತು ಅವನು ಮನೆಗೆ ಬಂದು ಊಟ ಮಾಡಲಿಲ್ಲ. ಹಿತ್ತಲಲ್ಲಿ ಒನಕೆಯನ್ನು ಹೆಗಲ ಮೇಲಿಟ್ಟುಕೊಂಡು ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದ. ಅವನು ಹುಟ್ಟಿದ ಮೇಲೆ ಬಾಯಿಬಿಟ್ಟು ಬೇಕು ಎಂದದ್ದು ಈ ಪಾತ್ರವೊಂದನ್ನೇ.

ತೊಂದರೆ ಗಂಟಲಿನದು. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ನಿಂತರೆ ಗಂಟೆ ಹೊಡೆದ ಹಾಗೆ ಹಾಡುತ್ತಾನೆ. ಶಾಲೆಯ ಕೋಣೆಯಲ್ಲಿ ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿದ ಕೂಡಲೇ ಬಾಗಿಲು ಎಳೆದ ಅಂಗಡಿಯಂತೆ ಗಂಟಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಕೀಚಲು ಸದ್ದು.

‘ಏನ್ ಯಜಮಾನ್ರೇ, ಕಪ್ಪು ಮೂರಕ್ಕೆ ಹತ್ತಿ ಅಂದ್ರೆ ಬಾವಿಗೆ ಇಳೀತಿದ್ದೀರಲ್ರೀ?’ ಎಂದರಂತೆ ಮೇಷ್ಟ್ರು. ಕಪ್ಪು ಮೂರು ಎಂದರೆ ಹಾರ್ಮೋನಿಯಂನ ಮೂರನೇ ಕರಿಮನೆ. ರಾಜ ಅಂದಮೇಲೆ ಅಷ್ಟು ಎತ್ತರದ ಶ್ರುತಿಯಲ್ಲೇ ಹಾಡಬೇಕಂತೆ. ಬಾಗಿಲು ಕಾಯುವವನಿಗೆ ಶ್ರುತಿ ಇಲ್ಲ, ಅವನು ಯಾವ ಮನೆಯಲ್ಲಿ ನಿಂತರೂ ನಡೆಯುತ್ತದೆ.

‘ಟೆನ್ಷನ್ ಆಯ್ತದೆ ಮೇಷ್ಟ್ರೇ, ಗಂಟಲು ಕಟ್ಕೊಂತದೆ.’

‘ಕಟ್ಕೊಂಡ್ರೆ ಬಿಚ್ಕಳಿ. ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೆ ವೈರ್‌ಮ್ಯಾನ್ ಇದಾನೆ.’

ವೈರ್‌ಮ್ಯಾನ್ ನಮ್ಮೂರಿನ ಲೈನು ನೋಡಿಕೊಳ್ಳುವ ಹುಡುಗ. ಕಂಬದ ಮೇಲಿದ್ದರೂ ಹಾಡುತ್ತಿರುತ್ತಾನೆ, ಕರೆಂಟು ಬಂದದ್ದು ಕರೆಂಟಿಗೇ ಗೊತ್ತಾಗುವುದಿಲ್ಲ. ಅವನ ಹೆಸರು ಕೇಳಿದ ಮೇಲೆ ತಮ್ಮನಿಗೆ ನಿದ್ದೆಯೂ ಹೋಯಿತು.

ಆಗ ಕಣ್ಣಿಗೆ ಬಿತ್ತು ಫೋನು. ಹುಳಿಯಾರಿಗೆ ಕೊಟ್ಟಿರುವ ಅವನ ಮಗಳು ತಾನು ಹೊಸದು ತೆಗೆದುಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟುಹೋಗಿದ್ದಳು. ಅದರಲ್ಲಿ ಒಬ್ಬ ಬಿಳಿ ಕೋಟಿನವನು ಕೂತು ಹೇಳುತ್ತಾನೆ: ಟೆನ್ಷನ್ ಆದರೆ ಗಂಟಲಿನ ಮಾಂಸ ಬಿಗಿಯುತ್ತದೆ, ಮೆಗ್ನೀಸಿಯಂ ತಿಂದರೆ ಸಡಿಲವಾಗುತ್ತದೆ, ಜಿಂಕ್ ಚೀಪಿದರೆ ಗಂಟಲು ಹಸನಾಗುತ್ತದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ಮನುಷ್ಯನೇ ಅಲ್ಲ. ಕೋಟು ಹಾಕಿಕೊಂಡವನನ್ನು ನಂಬದೆ ಲುಂಗಿ ಉಟ್ಟವನನ್ನು ನಂಬುತ್ತಾರೆಯೇ? ಮಾರನೇ ದಿನ ತಿಪಟೂರು ಬಸ್ಸು ಹತ್ತಿದ. ಬರುವಾಗ ಚೀಲದಲ್ಲಿ ಐದು ಡಬ್ಬಿ. ದೇವರ ಗೂಡಿನಲ್ಲಿ ಸಾಲಾಗಿ ಜೋಡಿಸಿದ. ದೇವರು ಪಾಪ ಮೂಲೆಗೆ ಸರಿದುಕೊಂಡಿತು.

ಈ ಮಾತ್ರೆಗಳ ಸಂಸಾರ ಒಂದು ನೋಡಬೇಕು ನೀವು! ಜಿಂಕ್ ಇರುವ ಕಡೆ ಕ್ಯಾಲ್ಸಿಯಂ ಬರಬಾರದಂತೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿದ್ದಾಗ ಕಬ್ಬಿಣ ಒಳಗೆ ಕಾಲಿಡಬಾರದಂತೆ. ಕಬ್ಬಿಣ ಕಾಫಿಯ ಮುಖ ನೋಡಬಾರದಂತೆ. ಮದುವೆ ಮನೆಯಲ್ಲಿ ಮುನಿಸಿಕೊಂಡ ನೆಂಟರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸುವ ಹಾಗೆ ಒಂದೊಂದಕ್ಕೂ ಬೇರೆ ಬೇರೆ ಹೊತ್ತು. ಅಡುಗೆ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ: ಆರು ಗಂಟೆ, ಎಂಟೂವರೆ, ಹನ್ನೊಂದು, ಎರಡು, ಐದೂಕಾಲು, ಒಂಬತ್ತು. ಫೋನಿನಲ್ಲಿ ಆರು ಅಲಾರಂ. ಅದು ಬಡಿದುಕೊಂಡಾಗಲೆಲ್ಲ ಇವನು ಮಾಡುತ್ತಿದ್ದ ಕೆಲಸ ಬಿಟ್ಟು ಓಡಬೇಕು. ಒಂದು ಸಲ ಎಮ್ಮೆಯ ಕೆಚ್ಚಲು ಕೈಯಲ್ಲೇ ಇತ್ತು, ಅಲಾರಂ ಹೊಡೆಯಿತು, ಬಿಟ್ಟು ಓಡಿದ. ಎಮ್ಮೆ ಅವನು ಹೋದ ದಿಕ್ಕನ್ನೇ ನೋಡುತ್ತಾ ನಿಂತಿತ್ತು. ಟೆನ್ಷನ್ ಕಡಿಮೆಯಾಗಲಿ ಎಂದು ತಿನ್ನುವ ಮಾತ್ರೆ ಎಲ್ಲಿ ತಪ್ಪಿಹೋಗುತ್ತದೋ ಎಂಬ ಟೆನ್ಷನ್ ಇದೆಯಲ್ಲ, ಅದಕ್ಕೆ ಯಾವ ಮಾತ್ರೆ?

‘ಲೇ, ಮೊದ್ಲು ನಿಂಗೆ ನಾಟಕದ್ದೊಂದೇ ಭಯ ಇತ್ತು. ಈಗ ಗಡಿಯಾರದ್ದೂ ಸೇರ್ಕೊಂತಲ್ಲೋ’ ಎಂದೆ.

‘ನಿಂಗೆ ಮೆಗ್ನೀಸಿಯಂ ಕಮ್ಮಿಯಾಗೈತೆ ಅಕ್ಕಯ್ಯ. ಅದ್ಕೇ ಯಾವಾಗ್ಲೂ ಸಿಟ್ಟು.’

‘ನಂಗೆ ಕಮ್ಮಿಯಾಗಿರೋದು ತಾಳ್ಮೆ ಕಣ್ಲಾ. ಅದು ಯಾವ ಡಬ್ಬಿಲೈತೆ ನೋಡು.’

ಬಿಡಲಿಲ್ಲ. ಒಂದು ಮಾತ್ರೆ ನನಗೂ ನುಂಗಿಸಿದ. ಕುದುರೆಗೆ ಕೊಡುವ ಗಾತ್ರದ್ದು. ಎರಡು ಚೊಂಬು ನೀರು ಬೇಕಾಯಿತು. ‘ಸಂಜೆ ಒಳ್ಗೆ ನಿನ್ನ ಮನಸ್ಸು ಹೂವಿನಂಗೆ ಹಗುರಾಯ್ತದೆ ನೋಡ್ತಿರು’ ಎಂದು ನನ್ನ ಎದುರಿಗೇ ಕಾದು ಕೂತ. ಸಂಜೆಯಾಯಿತು. ಹೂವು ಅರಳಿತೋ ಇಲ್ಲವೋ ಎಂದು ನನ್ನ ಮುಖ ನೋಡಿದ. ನಾನು ಎಂದಿನ ಹೊತ್ತಿಗೆ ಎಂದಿನ ಮಾತುಗಳಲ್ಲೇ ಬೈದೆ. ‘ಒಂದು ದಿನಕ್ಕೆ ಗೊತ್ತಾಗಲ್ಲ, ಇದು ಹಳೇ ಕಾಯಿಲೆ’ ಎಂದು ಡಬ್ಬಿ ಮುಚ್ಚಿದ.

ಜಿಂಕ್ ಚೀಪತೊಡಗಿದ ಮೇಲೆ ಅವನ ನಾಲಿಗೆ ಕೆಟ್ಟಿತು. ಸಾರು ಬಾಯಿಗಿಟ್ಟರೆ ತುಕ್ಕು ಎನ್ನುತ್ತಾನೆ, ಮಜ್ಜಿಗೆ ಕುಡಿದರೆ ತಗಡು ಎನ್ನುತ್ತಾನೆ. ಅವನ ಹೆಂಡತಿ ಮೂವತ್ತೆಂಟು ವರ್ಷದಿಂದ ಅವನಿಗೆ ಬಡಿಸಿದವಳು, ಬಾಯಿ ಸತ್ತವಳೇನೂ ಅಲ್ಲ. ‘ಅಕ್ಕಯ್ಯ, ನಾಳೆಯಿಂದ ಇವ್ರಿಗೆ ಗುದ್ಲಿ, ಪಿಕಾಸಿನೇ ಬೇಯ್ಸಿ ಹಾಕಾನ ಬುಡು. ರುಚಿ ಒಂದೇ ಅಂದ್ಮೇಲೆ ಸೊಪ್ಪು, ಬೇಳೆ ಯಾಕ್ ಕೆಡುಸ್ಬೇಕು?’ ಎಂದಳು. ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಟೆನ್ಷನ್, ಟೆನ್ಷನ್ ಆದರೆ ಗಂಟಲು. ಹಾಗಾಗಿ ಸಿಟ್ಟಿಗೂ ಒಂದು ಮಾತ್ರೆ ನುಂಗಿ ಮಲಗಿದ.

ಇನ್ನು ಮರಗಳ ಕತೆ. ಇದಕ್ಕೇ ಅವನು ಊರೆಲ್ಲ ಹೆಸರಾದದ್ದು. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ರಕ್ತ ಪರೀಕ್ಷೆಗೆ ಸೂಜಿ ಚುಚ್ಚುತ್ತಾರೆ, ಅದು ಅವನಿಗೆ ಆಗದು. ಅದಕ್ಕೆ ತಾನೇ ಒಂದು ಪರೀಕ್ಷೆ ಕಂಡುಹಿಡಿದ. ನಮ್ಮ ತೋಟದಲ್ಲಿ ಬದುವಿನ ಪಕ್ಕದ ಸಾಲಿನಲ್ಲಿ ಇಪ್ಪತ್ತಾರು ತೆಂಗಿನ ಮರ. ಮೊದಲನೇ ಮರದ ಬುಡದಲ್ಲಿ ಇವನು ನಿಂತು, ನಾಟಕದ ರಾಜನ ಮಾತು, ‘ಎಲವೋ ಮೂಢಾ!’ ಎಂದು ಕೂಗುವುದು. ಅವನ ಹೆಂಡತಿ ದೂರದ ಮರದ ಹತ್ತಿರ ನಿಂತು, ಕೇಳಿಸಿದರೆ ಕೆಂಪು ಟವೆಲ್ ಎತ್ತುವುದು. ಒಂದೊಂದೇ ಮರ ಹಿಂದಕ್ಕೆ ಹೋಗುತ್ತಾ, ಎಲ್ಲಿಯವರೆಗೆ ಕೇಳಿಸುತ್ತದೋ ಅಷ್ಟು ಮರದ ಗಂಟಲು! ಬೆಳಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ.

‘ನಿನ್ನೆ ಒಂಬತ್ತು ಮರ ಇತ್ತು. ಇವತ್ತು ಹನ್ನೊಂದು ಮರ ಅಕ್ಕಯ್ಯ! ಮೆಗ್ನೀಸಿಯಂ ಹಿಡೀತಾ ಐತೆ!’

ಪಕ್ಕದ ತೋಟದಲ್ಲಿ ಕಾಯಿ ಕೆಡವುತ್ತಿದ್ದವನು, ಅದೇ ನಮ್ಮ ನಾಟಕದ ಋಷಿ, ಮರದ ಮೇಲಿಂದಲೇ ಕೇಳಿದ: ‘ಯಾರ್ನಾ ಮೂಢ ಅಂತಿರಾದು? ಇಳ್ದು ಬರ್ಲಾ?’

‘ನಿಂಗಲ್ಲ ಕಣಪ್ಪ, ಟೆಸ್ಟಿಂಗು!’

‘ಟೆಸ್ಟಿಂಗ್‌ಗೆ ನಾನೇ ಸಿಕ್ಕಿದ್ನಾ?’

ಹನ್ನೊಂದು ಹದಿಮೂರಾಯಿತು, ಹದಿನಾರಾಯಿತು, ಒಂದು ವಾರದಲ್ಲಿ ಇಪ್ಪತ್ತಾಯಿತು. ಇವನು ನೆಲದ ಮೇಲೆ ಕಾಲಿಡಲಿಲ್ಲ. ಮೇಷ್ಟ್ರಿಗೆ ಫೋನು ಮಾಡಿ ‘ಇಪ್ಪತ್ತು ಮರ ಮೇಷ್ಟ್ರೇ!’ ಎಂದ. ಅವರು ಮರ ಮಾರುತ್ತಿದ್ದಾನೆಂದು ತಿಳಿದು ‘ನಂಗೆ ಬ್ಯಾಡ ಕಣ್ರೀ, ಜಾಗ ಇಲ್ಲ’ ಎಂದರಂತೆ. ನನಗೆ ಅನುಮಾನ ಬಂತು. ಅವನ ಧ್ವನಿ ನನ್ನ ಕಿವಿಗೆ ದಿನದಿಂದ ದಿನಕ್ಕೆ ಒಡೆದ ಕೊಳಗದಂತೆ ಕೇಳಿಸುತ್ತಿದೆ, ಮರಗಳ ಲೆಕ್ಕ ಮಾತ್ರ ಏರುತ್ತಿದೆ. ಅವನ ಹೆಂಡತಿಯನ್ನು ಹಿಡಿದು ಕೇಳಿದೆ.

‘ದಿಟ ಹೇಳೇ, ಇಪ್ಪತ್ತನೇ ಮರಕ್ಕೆ ಕೇಳ್ತದಾ?’

‘ನಂಗೆ ಎಂಟ್ನೇ ಮರಕ್ಕೇ ಕೇಳಲ್ಲ ಅಕ್ಕಯ್ಯ. ಟವೆಲ್ ಎತ್ಲಿಲ್ಲಾ ಅಂದ್ರೆ ಇನ್ನೊಂದ್ಸಲ ಕೂಗ್ತಾರೆ, ಮತ್ತೊಂದ್ಸಲ ಕೂಗ್ತಾರೆ. ಒಲೆ ಮೇಲೆ ಎಸರಿಟ್ಟು ಬಂದಿರ್ತೀನಿ. ಬಾಯಿ ಆಡಿದ್ದು ಕಂಡ್ರೆ ಎತ್ಬುಡದು.’

ಹೀಗಿತ್ತು ನೋಡಿ ಮೆಗ್ನೀಸಿಯಂ ಮಹಿಮೆ! ಮುದ್ದೆಗೆ ಎಸರು ಉಕ್ಕುವ ಹೊತ್ತಿಗೆ ಸರಿಯಾಗಿ ಅವನ ಗಂಟಲು ನಾಲ್ಕು ಮರ ಮುಂದಕ್ಕೆ ಹೋಗುತ್ತಿತ್ತು. ನಾನು ಇದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಟವೆಲ್ ಹಿಡಿಯುವ ಕೆಲಸ ನನಗೆ ಬರುತ್ತಿತ್ತು.

ಮೇಷ್ಟ್ರ ಗಡುವಿಗೆ ಹನ್ನೆರಡು ದಿನ ಇತ್ತು. ಇಪ್ಪತ್ತು ಮರದ ಗಂಟಲು ಹೊತ್ತುಕೊಂಡು ಪ್ರಾಕ್ಟೀಸಿಗೆ ಹೋದವನು ತಲೆ ಬಗ್ಗಿಸಿಕೊಂಡು ಬಂದ. ಹಾರ್ಮೋನಿಯಂ ಮುಂದೆ ಅದೇ ಕೀಚಲು. ಅವನಿಗೆ ಒಂದೇ ಉತ್ತರ ಹೊಳೆಯಿತು, ಮಾತ್ರೆ ಸಾಲದು!

ಅಷ್ಟರಲ್ಲಿ ನಮ್ಮ ತೋಟದ ಕೆಲವು ಮರಗಳ ಕೆಳಗಿನ ಗರಿ ಹಳದಿಗೆ ತಿರುಗಿದ್ದವು. ಗೊಬ್ಬರದಂಗಡಿಯವನು ಒಂದು ಚೀಲ ಬಿಳಿ ಹರಳು ಕೊಟ್ಟು, ಬುಡದ ಪಾತಿಗೆ ಹಾಕಿ, ಹಸಿರಾಗುತ್ತದೆ ಎಂದು ಕಳಿಸಿದ್ದ. ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದ ಆ ಚೀಲದ ಮೇಲಿನ ಅಕ್ಷರವನ್ನು ನನ್ನ ತಮ್ಮ ಕನ್ನಡಕ ಹಾಕಿಕೊಂಡು ಓದಿದ. ಮೆಗ್ನೀಸಿಯಂ! ಮಾತ್ರೆಯ ಡಬ್ಬಿಯನ್ನು ತಂದು ಪಕ್ಕದಲ್ಲಿ ಹಿಡಿದು ಇನ್ನೊಮ್ಮೆ ಓದಿದ. ಅದೇ ಮೆಗ್ನೀಸಿಯಂ! ಡಬ್ಬಿಯಲ್ಲಿ ಚಿಟಿಕೆ, ಚೀಲದಲ್ಲಿ ರಾಶಿ!

ಬೇರೆ ಕಡೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರೋ ಏನೋ. ನಮ್ಮ ಕಡೆಯವರಿಗೆ ಒಂದು ನಂಬಿಕೆಯುಂಟು. ತೆಂಗಿಗೆ ಒಳ್ಳೆಯದಾದದ್ದು ಮನುಷ್ಯನಿಗೆ ಕೆಟ್ಟದ್ದಾಗಲಾರದು. ಮರವನ್ನು ನಾವು ಮಕ್ಕಳಿಗಿಂತ ಹೆಚ್ಚು ನೋಡಿಕೊಳ್ಳುತ್ತೇವೆ. ಮಗು ಸೊರಗಿದರೆ ‘ಬೆಳೆಯೋ ವಯಸ್ಸು’ ಎನ್ನುತ್ತೇವೆ, ಮರ ಸೊರಗಿದರೆ ತಾಲ್ಲೂಕು ಆಫೀಸಿಗೆ ಓಡುತ್ತೇವೆ. ತಮ್ಮ ಹಾಗೆಯೇ ಯೋಚಿಸಿದ. ಅರವತ್ತಡಿ ಎತ್ತರದ ಮರವನ್ನೇ ಎತ್ತಿ ನಿಲ್ಲಿಸುವ ಉಪ್ಪು ಐದೂವರೆ ಅಡಿ ಮನುಷ್ಯನ ಗಂಟಲನ್ನು ಎತ್ತದೇ?

ಬೆಳಗ್ಗೆ ಎದ್ದವನೇ ದೊಡ್ಡ ಲೋಟದ ಮಜ್ಜಿಗೆಗೆ ಕದಡಿಕೊಂಡು ಒಂದೇ ಗುಟುಕಿಗೆ ಕುಡಿದ. ಮುಖ ಕಿವುಚಿಕೊಂಡು, ‘ಕಹಿ ಐತೆ. ಔಸ್ದಿ ಅಂದ್ಮೇಲೆ ಕಹಿ ಇರ್ಲೇಬೇಕು’ ಎಂದ. ಮೊದಲನೇ ಮರದ ಬುಡಕ್ಕೆ ಹೋಗಿ ನಿಂತ. ಹೆಂಡತಿ ಟವೆಲ್ ಹಿಡಿದು ಹೊರಟಳು.

‘ಎಲವೋ...’ ಎಂದ. ‘ಮೂಢಾ’ ಬರಲಿಲ್ಲ. ಬಂದದ್ದು ಬೇರೆ! ಪಂಚೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಓಡಿದ ನೋಡಿ, ಆ ವಯಸ್ಸಿನಲ್ಲಿ ಅಷ್ಟು ಓಟವನ್ನು ನಾನು ಕಂಡಿಲ್ಲ. ಮೂರನೇ ಮರ, ಏಳನೇ ಮರ, ಹನ್ನೆರಡನೇ ಮರ. ಬಂದ, ಕೂತ, ಮತ್ತೆ ಎದ್ದು ಓಡಿದ. ಮಧ್ಯಾಹ್ನದ ಹೊತ್ತಿಗೆ ಆ ಸಾಲಿಗೆ ಆ ವರ್ಷ ಬೇರೆ ಗೊಬ್ಬರ ಬೇಕಿರಲಿಲ್ಲ. ದೂರದಲ್ಲಿ ನಿಂತಿದ್ದ ಹೆಂಡತಿ ಏನೂ ಅರ್ಥವಾಗದೆ, ಯಾವುದಕ್ಕೂ ಇರಲಿ ಎಂದು ಟವೆಲ್ ಎತ್ತಿಯೇ ನಿಂತಿದ್ದಳು.

ಕೈಕಾಲು ತಣ್ಣಗಾಗಿ ಕಣ್ಣು ಗುಳಿ ಬಿದ್ದ ಮೇಲೆ ನಗುವುದನ್ನು ನಿಲ್ಲಿಸಿ ಆಟೋ ಕರೆಸಿದೆ. ತುರುವೇಕೆರೆಯಲ್ಲಿ ಒಬ್ಬಳು ಡಾಕ್ಟರು, ಚಿಕ್ಕ ಹುಡುಗಿ, ನೀರು ಏರಿಸುತ್ತಾ ಕೇಳಿದಳು.

‘ಏನ್ ತಗೊಂಡಿದ್ರಿ ಯಜಮಾನ್ರೇ?’

‘ಮೆಗ್ನೀಸಿಯಂ.’

‘ಯಾವ ಡಾಕ್ಟ್ರು ಬರ್ಕೊಟ್ಟಿದ್ರು?’

ಇವನು ಗೋಡೆ ನೋಡಿದ. ‘ಗೊಬ್ಬರದಂಗಡಿಯೋರು ಕಣವ್ವ. ಇವ್ನಿಗಲ್ಲ, ಇಪ್ಪತ್ತಾರು ತೆಂಗಿನ ಮರಕ್ಕೆ’ ಎಂದೆ ನಾನು.

ಆ ಹುಡುಗಿ ನಗು ತಡೆಯುವುದಕ್ಕೆ ಕೈಯಲ್ಲಿದ್ದ ಕಾಗದ ಮುಖಕ್ಕೆ ಹಿಡಿದಳು. ಆಮೇಲೆ ಸರಿಯಾಗಿ ಬೈದಳು. ಅದು ಪುಣ್ಯಕ್ಕೆ ಹೊಟ್ಟೆ ತೊಳೆದು ಬಿಟ್ಟಿದೆ, ಕಿಡ್ನಿ ಕೆಟ್ಟವರಾಗಿದ್ದರೆ ಜೀವಕ್ಕೇ ಬರುತ್ತಿತ್ತು ಎಂದಳು. ರಕ್ತ ತೆಗೆದಳು, ಸೂಜಿಗೆ ಅವನು ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡ. ಸಂಜೆ ಚೀಟಿ ನೋಡಿ ಹೇಳಿದಳು, ಮೈಯಲ್ಲಿ ಯಾವುದೂ ಕಡಿಮೆ ಇಲ್ಲ, ಮೊದಲೂ ಇದ್ದಿರಲಾರದು, ಆ ಐದು ಡಬ್ಬಿ ಬೇಕಾಗಿಯೇ ಇರಲಿಲ್ಲ. ಟಾರ್ಚು ಹಾಕಿ ಗಂಟಲು ನೋಡಿದಳು.

‘ಗಂಟಲು ಊದಿದೆ. ಜೋರಾಗಿ ಕೂಗ್ತಿದ್ರಾ?’

‘ದಿನಾ ಎರಡೊತ್ತು. ಇಪ್ಪತ್ತು ಮರ’ ಎಂದೆ.

‘ಕೂಗಿ ಕೂಗಿನೇ ಹಾಳು ಮಾಡ್ಕೊಂಡಿದ್ದಾರೆ. ಹತ್ತು ದಿನ ಒಂದು ಮಾತೂ ಆಡ್ಬಾರ್ದು. ಪಿಸುಮಾತೂ ಬೇಡ. ಇಲ್ಲ ಅಂದ್ರೆ ಇರೋ ಧ್ವನಿನೂ ಹೋಗುತ್ತೆ.’

ಅವನು ನನ್ನ ಕಡೆ ಬೆರಳು ಎಣಿಸಿ ತೋರಿಸಿದ. ಹತ್ತು ದಿನ ಹೋದರೆ ಗಡುವಿಗೆ ಉಳಿಯುವುದು ಒಂದೇ ದಿನ.

ಮಾತಿಲ್ಲದ ಆ ಹತ್ತು ದಿನದಲ್ಲಿ ಮೊದಲೆರಡು ದಿನ ನಾನು ಹಬ್ಬ ಮಾಡಿದೆ. ಅಲಾರಂ ಇಲ್ಲ, ‘ಎಲವೋ’ ಇಲ್ಲ, ದೇವರು ಮತ್ತೆ ಗೂಡಿನ ನಡುವಿಗೆ ಬಂದು ಕೂತಿತು. ಮೊಮ್ಮಗಳು ಬಿಟ್ಟುಹೋಗಿದ್ದ ಸ್ಲೇಟಿನ ಮೇಲೆ ಅವನು ಬರೆದು ತೋರಿಸುತ್ತಿದ್ದ. ಅವನ ಬರವಣಿಗೆ ಕೋಳಿ ಕೆದಕಿದ ಹಾಗೆ, ನಾನೋ ಅಕ್ಷರ ಕೂಡಿಸಿಕೊಂಡು ಓದುವವಳು. ಬಿಸಿನೀರು ಬೇಕೆಂದು ಬರೆದು, ನಾನು ಓದಿ, ಕಾಯಿಸಿ ತರುವಷ್ಟರಲ್ಲಿ ಅವನಿಗೆ ಮಲಗುವ ಹೊತ್ತಾಗಿರುತ್ತಿತ್ತು. ಎಮ್ಮೆ ಮಾತ್ರ ಮೂರನೇ ದಿನದಿಂದ ಅರ್ಧ ಹಾಲು ಕೊಟ್ಟಿತು. ಹಾಡು ಕೇಳದೆ ಸೊರ ಬಿಡುತ್ತಿಲ್ಲ, ಹಾಲು ಕೆಚ್ಚಲಿಗೆ ಇಳಿಯುತ್ತಿಲ್ಲ ಎಂದಳು ಅವನ ಹೆಂಡತಿ. ಹುಲ್ಲು ಒಣಗಿದೆ, ಅದಕ್ಕೆ ಎಂದೆ ನಾನು.

ಸಂಜೆ ಶಾಲೆಯ ಕಡೆಯಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ವೈರ್‌ಮ್ಯಾನ್ ಹಾಡುತ್ತಿದ್ದ, ತಮ್ಮನ ಹಾಡನ್ನೇ. ಕಪ್ಪು ಮೂರಕ್ಕೆ ಏಣಿ ಇಟ್ಟು ಹತ್ತಿದ ಹಾಗೆ ಹತ್ತುತ್ತಿದ್ದ. ತಮ್ಮ ಜಗಲಿಯ ಮೇಲೆ ಕೂತು ಬರೀ ತುಟಿ ಆಡಿಸುತ್ತಿದ್ದ. ವೈರ್‌ಮ್ಯಾನ್ ಒಂದು ಕಡೆ ಮಾತು ತಪ್ಪಿದರೆ ಇವನ ತುಟಿ ಸರಿಯಾದ ಮಾತನ್ನೇ ಹೇಳಿ ಮುಂದಕ್ಕೆ ಹೋಗುತ್ತಿತ್ತು.

ಹತ್ತನೇ ದಿನದ ಸಂಜೆ ಸ್ಲೇಟು ತಂದು ನನ್ನ ಮುಂದೆ ಹಿಡಿದ. ‘ನಾಳೆ ಮೇಷ್ಟ್ರು ನೋಡ್ತಾರೆ. ನೀನು ಬರಬೇಡ.’

‘ಯಾಕ್ಲಾ? ನಾನೇನು ನಿನ್ನ ಗದೆ ಕಿತ್ಕೊಂತೀನಾ?’

ಒರೆಸಿದ. ಮತ್ತೆ ಬರೆದ. ಒಂದೇ ಪದ, ಆದ್ದರಿಂದ ಬೇಗ ಓದಿದೆ. ‘ನಗ್ತೀಯ.’

‘ಯಾವಾಗ್ಲಾ ನಾನು ನಕ್ಕಿದ್ದು?’ ಎಂದೆ. ಅವನು ಬಳಪ ಕೆಳಗಿಟ್ಟ. ನನ್ನ ಮುಖ ನೋಡಿದ. ಹದಿನಾರು ವರ್ಷದ ಹುಡುಗನ ಕಣ್ಣು ಅವು.

ಆಗ ನೆನಪಾಯಿತು. ಅವನಿಗೆ ಹದಿನಾರು, ನನಗೆ ಇಪ್ಪತ್ತೆರಡು. ಬಾಣಂತನಕ್ಕೆ ತವರಿಗೆ ಬಂದಿದ್ದೆ. ಅವತ್ತು ನಾಟಕದಲ್ಲಿ ಇವನಿಗೆ ರಾಜಕುಮಾರನ ಪಾತ್ರ ಕೊಟ್ಟಿದ್ದರು, ಒಂದು ಹಾಡೂ ಇತ್ತು. ಧ್ವನಿ ಒಡೆಯುವ ವಯಸ್ಸು. ಎತ್ತರಕ್ಕೆ ಏರಿದ ಕೂಡಲೇ ಕೀಚಲು ಸದ್ದು ಬಂತು. ಜನ ಸುಮ್ಮನಿದ್ದರು. ಹೆಂಗಸರ ಕಡೆಯಿಂದ ಒಬ್ಬಳು ಗಟ್ಟಿಯಾಗಿ ನಕ್ಕಳು. ಅವಳು ನಕ್ಕದ್ದಕ್ಕೆ ಪಕ್ಕದವರು ನಕ್ಕರು, ಆಮೇಲೆ ಊರೇ ನಕ್ಕಿತು. ಮೊದಲು ನಕ್ಕವಳು ನಾನು. ಮುಂದಿನ ನಾಟಕದಿಂದ ಅವನಾಗಿಯೇ ಹೋಗಿ ಈಟಿ ಹಿಡಿದು ನಿಂತ.

ನನಗೆ ಅದು ಮರೆತೇ ಹೋಗಿತ್ತು. ನಗುವವರಿಗೆ ಏನು, ನಕ್ಕು ಎದ್ದು ಹೋಗುತ್ತಾರೆ. ಇವನಿಗೆ ಮಾತ್ರ ನಲವತ್ತಾರು ವರ್ಷ ಕೇಳಿಸುತ್ತಲೇ ಇತ್ತು, ಹಾರ್ಮೋನಿಯಂ ತೆರೆದಾಗಲೆಲ್ಲ. ನಾನು ಸ್ಲೇಟು ತೆಗೆದುಕೊಂಡು ಸೆರಗಿನಲ್ಲಿ ಒರೆಸಿ, ‘ಮುದ್ದೆ ಆರ್ತೈತೆ, ಎದ್ದೇಳು’ ಎಂದೆ.

ಬರಬೇಡ ಎಂದಿದ್ದ. ನಾನು ಹೋ‌ಗಲಿಲ್ಲವೇ? ಹೋದೆ. ಶಾಲೆಯ ಹಿಂದುಗಡೆ ಕಿಟಕಿಯ ಕೆಳಗೆ ನಿಂತೆ. ಅಪ್ಪಿ ತಪ್ಪಿ ನಗು ಬಂದುಬಿಟ್ಟರೆ ಎಂದು ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡೆ. ನನ್ನ ಬಾಯಿ ನನಗೇ ನಂಬಿಕೆಯಿಲ್ಲ.

ಮೇಷ್ಟ್ರು ತಿದಿ ಒತ್ತಿದರು. ತಮ್ಮ ಶುರು ಮಾಡಿದ. ಹತ್ತು ದಿನದ ಮೇಲೆ ಬಂದ ಧ್ವನಿ, ಹೊಸ ಹಗ್ಗದ ಹಾಗೆ ಬಿಗಿಯಾಗಿತ್ತು. ಎರಡು ಸಾಲು ಸಲೀಸಾಗಿ ಹೋಯಿತು. ಮೂರನೇ ಸಾಲಿನಲ್ಲಿ ಮೇಲಕ್ಕೆ ಏರಬೇಕು. ಏರಿದ, ಒಡೆಯಿತು. ಅದೇ ಕೀಚಲು. ಬೆಂಚಿನ ಮೇಲೆ ಕೂತಿದ್ದ ವೈರ್‌ಮ್ಯಾನ್ ಕಿಸಕ್ಕನೆ ನಕ್ಕ.

ಆಮೇಲೆ ನಾನು ಬಾಗಿಲಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಾಯಲ್ಲಿದ್ದ ಸೆರಗು ಕಿತ್ತುಕೊಂಡು ಒಳಗೆ ನಿಂತಿದ್ದೆ.

‘ಯಾವನ್ಲಾ ಅವ್ನು ನಕ್ಕಿದ್ದು?’

‘ನಾನು... ಸುಮ್ನೆ ಕಣಜ್ಜಿ...’

‘ಅವ್ನಿಗೆ ನಗಾಕೆ ನಾನೊಬ್ಳು ಇದ್ದೀನಿ, ಹುಟ್ಟಿದಾಗಿಂದ ನಕ್ಕಿದ್ದೀನಿ, ಸಾಕಾಗೈತೆ! ನೀನ್ಯಾವನ್ಲಾ? ಕಂಬ ಹತ್ತೋಗು!’

ಡೇರಿಯ ದೇವರು ಬಾಯಿ ಬಿಟ್ಟುಕೊಂಡು ಕೂತಿತ್ತು, ಋಷಿ ಬೀಡಿ ಕೆಳಗೆ ಹಾಕಿದ. ಮೇಷ್ಟ್ರು ‘ಅಮ್ಮಾ, ನೀವು...’ ಎಂದು ಏನೋ ಹೇಳಹೊರಟರು. ನಾನು ಒಂದನೇ ಕ್ಲಾಸಿನ ಮಕ್ಕಳ ಗಿಡ್ಡ ಬೆಂಚನ್ನು ಎಳೆದು ತಮ್ಮನ ನೇರ ಎದುರಿಗೆ ಹಾಕಿಕೊಂಡು ಕೂತೆ. ಮಂಡಿ ಗದ್ದಕ್ಕೆ ಬಂತು.

‘ಹಾಡ್ಲಾ’ ಎಂದೆ.

ಅವನು ಬಾಗಿಲ ಕಡೆ ನೋಡಿದ, ಮೇಷ್ಟ್ರ ಕಡೆ ನೋಡಿದ, ಕೊನೆಗೆ ನನ್ನ ಕಡೆ ನೋಡಿದ.

‘ಅಕ್ಕಯ್ಯ, ನೀನು...’

‘ಹಾಡ್ಲಾ ಅಂದೆ. ಒಡುದ್ರೆ ಒಡೀಲಿ. ನಾನ್ ಎದ್ದೋಗಲ್ಲ.’

ಮೇಷ್ಟ್ರು ಒಳ್ಳೆಯವರು. ಬೆರಳನ್ನು ಒಂದು ಕರಿಮನೆ ಕೆಳಕ್ಕೆ ಸರಿಸಿದರು. ‘ಕಪ್ಪು ಎರಡಕ್ಕೇ ಹಾಡಾನ ಬುಡಿ. ರಾಜನ್ನ ಯಾರು ಬಂದು ಅಳತೆ ಮಾಡ್ತಾರೆ?’ ಎಂದರು. ವೈರ್‌ಮ್ಯಾನ್ ತಲೆ ಬಗ್ಗಿಸಿಕೊಂಡು ತಾಳ ಕೈಗೆತ್ತಿಕೊಂಡ.

ತಮ್ಮ ಮೊದಲಿಂದ ಶುರು ಮಾಡಿದ. ನನ್ನ ಮುಖ ಬಿಟ್ಟು ಬೇರೆ ಕಡೆ ಕಣ್ಣು ತಿರುಗಿಸಲಿಲ್ಲ. ಒಂದನೇ ಸಾಲು, ಎರಡನೇ ಸಾಲು. ಮೂರನೇ ಸಾಲಿನ ಹತ್ತಿರ ಬಂದಾಗ ಅವನ ಕೊರಳಿನ ನರ ಉಬ್ಬಿತು. ಏರಿದ. ಒಡೆಯಲಿಲ್ಲ. ಎತ್ತರಕ್ಕೆ ಹೋಗಿ ಅಲ್ಲೇ ನಿಂತ, ಇಳಿಯುವ ಮನಸ್ಸಿಲ್ಲದವನ ಹಾಗೆ.

ಸೆರಗು ಯಾವಾಗಲೋ ಮತ್ತೆ ನನ್ನ ಬಾಯಿಗೆ ಹೋಗಿತ್ತು. ಹಾಡು ಮುಗಿದ ಮೇಲೆ ತೆಗೆದು ನೋಡಿದರೆ ಪೂರ್ತಿ ಒದ್ದೆ. ಎಂಜಲು ಅಂತಲೇ ಇಟ್ಟುಕೊಳ್ಳಿ.